ಹದಿನಾಲ್ಕನೇ ಸಾಲು

ಸಗರದ ನಮ್ಮ ತೊಗರಿ ಹೊಲದ ಮೇಲೆ ಡ್ರೋನ್ ಹಾರುತ್ತಿದ್ದಷ್ಟು ಹೊತ್ತೂ ನಾನು ಒಂದು ಕಡೆ ನಿಲ್ಲಲಿಲ್ಲ, ಬದುವಿನ ಮೇಲೆ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ. ಬೆಳೆಯ ನಡುವೆ ಕಸ, ಅಂದರೆ ಕಳೆ, ಎಲ್ಲೆಲ್ಲಿದೆ ಎಂದು ಅದು ಚಿತ್ರ ತೆಗೆಯುತ್ತದೆ. ಆಮೇಲೆ ಅಷ್ಟು ಜಾಗಕ್ಕೆ ಮಾತ್ರ ಕಸ ಸಾಯುವ ಎಣ್ಣೆ ಹೊಡೆಯುತ್ತಾರೆ.

ಡ್ರೋನ್ ಹಾರಿಸಲು ಬಂದಿದ್ದ ಶಬಾನಾ ಅದನ್ನು ಇಳಿಸಿ ಟ್ಯಾಬ್‌ನಲ್ಲಿ ನಕ್ಷೆ ತೋರಿಸಿದಳು. ಕಸವೆಲ್ಲ ಕೆಂಪಾಗಿ ಕಾಣುತ್ತಿತ್ತು. ಮೂಡಲ ಕಡೆಯ ಹದಿಮೂರು ಸಾಲು ಮತ್ತು ಹದಿನಾಲ್ಕನೆಯದರಲ್ಲಿ ಅರ್ಧ ಮಾತ್ರ ಅಚ್ಚ ಹಸಿರು.

"ಇಲ್ಲಿ ತನಕ ಯಾರೋ ಭಾಳ ಚಂದ ಕಸ ತಗದಾರ್ರಿ ಸರ. ನಡುವ ಯಾಕ ಬಿಟ್ಟು ಎದ್ದರು? ಜಗಳ ಆತೇನು?"

"ನನ್ನ ಹೆಂಡತಿ. ಎದಿ ನೋವು ಅಂತ ಎದ್ದು ಮನಿಗೆ ಬಂದಳು. ಆಕಿ ತೀರಿಕೊಂಡು ಇಪ್ಪತ್ತೆರಡು ದಿನ ಆತು."

ಶಬಾನಾ ಟ್ಯಾಬ್ ಕೆಳಗಿಟ್ಟಳು. "ಹಂಗಾರ ಎಣ್ಣಿ ಹೊಡೀಲೋ ಬ್ಯಾಡೋ ಸರ?"

ಹೊಡೆದರೆ ಅವಳು ಕೈ ಬಿಟ್ಟ ಆ ಗೆರೆ ಅಳಿಯುತ್ತದೆ. ಹೊಡೆಯದಿದ್ದರೆ ತೊಗರಿ ಉಳಿಯುವುದಿಲ್ಲ. ನಾನು ಮತ್ತೊಮ್ಮೆ ಬದುವಿನ ತುದಿಗೆ ಹೋಗಿ ಬಂದೆ.

"ಹೊಡಿಯಮ್ಮಾ. ಅರ್ಧಾ ಕೆಲಸ ಬಿಟ್ಟರ ಆಕಿಗೇ ಸೇರತಿದ್ದಿಲ್ಲ. ಆದ್ರ ಈ ನಕ್ಷಾ ನನಗೊಂದು ಕೊಡು."

"ನಾಳಿಗೆ ಇದು ಸುಳ್ಳಾಗ್ತದ್ರಿ ಸರ," ಎನ್ನುತ್ತಲೇ ನನ್ನ ಫೋನಿಗೆ ಕಳಿಸಿದಳು.

ನಕ್ಷೆಯಲ್ಲಿ ದಿಕ್ಕಿನ ಗುರುತೂ ಇರಲಿಲ್ಲ, ಅಳತೆಯೂ ಇರಲಿಲ್ಲ. ಶಾಲೆಯಲ್ಲಿ ಇಂಥ ನಕ್ಷೆಗೆ ನಾನು ಎರಡು ಅಂಕ ಕಳೆಯುತ್ತೇನೆ. ಇದಕ್ಕೆ ಮಾತ್ರ ಪೂರ್ತಿ ಅಂಕ ಕೊಟ್ಟಿದ್ದೇನೆ.