ಬೂಟಿನ ಅಡಿ ಬರೆದಿದ್ದ ಷರತ್ತು

‘ರೇಟು ಮಾತ್ರ ಬಾಯಿಬಿಟ್ಟು ಹೇಳಬ್ಯಾಡ್ರಿ. ನನಗ ಕನ್ನಡ ತಿಳೀತದ.’

ಹಿಂದಿನ ಟೇಬಲ್ಲಿನಿಂದ ಈ ಮಾತು ಬಂದಾಗ ನನ್ನ ಕೈಯಲ್ಲಿದ್ದ ಚಹಾ ಅರ್ಧ ಕಪ್ಪಿನಡಿಯ ಬಸಿಗೆ, ಅರ್ಧ ಹೊಸ ಕುರ್ತಾಕ್ಕೆ ಹೋಯಿತು.

ಪುಣೆಯ ಕನ್ನಡಿಗರಿಗೆಲ್ಲ ಇರುವ ಒಂದು ಚಾಳಿ ನನಗೂ ಇದೆ. ವ್ಯವಹಾರಕ್ಕೆ ಮರಾಠಿ, ಗುಟ್ಟಿಗೆ ಕನ್ನಡ. ರಿಕ್ಷಾದವನು ಸುತ್ತಿಸಿಕೊಂಡು ಹೋಗುತ್ತಿದ್ದಾನೆ, ಪಕ್ಕದ ಸೀಟಿನವರು ಗೊರಕೆ ಹೊಡೆಯುತ್ತಿದ್ದಾರೆ, ಈ ಅಂಗಡಿಯ ಸೀರೆ ದುಬಾರಿ. ಎಲ್ಲವನ್ನೂ ಅವರ ಎದುರಿಗೇ ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತೇವೆ. ಯಾರಿಗೆ ತಿಳಿಯುತ್ತದೆ ಎನ್ನುವ ಧೈರ್ಯ. (ಬೆಳಗಾವಿ, ಧಾರವಾಡದ ಅರ್ಧ ಜನ ಇಲ್ಲೇ ಇದ್ದಾರೆ ಎಂಬುದು ಆ ಹೊತ್ತಿಗೆ ನೆನಪಾಗುವುದಿಲ್ಲ.) ಈ ಸಲ ಸಿಕ್ಕಿಬಿದ್ದದ್ದು ಮಾತ್ರ ಸ್ವಲ್ಪ ಜೋರಾಗಿಯೇ. ಹಿಂದೆ ಕೂತಿದ್ದವರು ನಾವು ಹಾಕಲಿದ್ದ ಟೆಂಡರಿಗೇ ರೇಟು ತುಂಬಲಿದ್ದ ಪ್ರತಿಸ್ಪರ್ಧಿ.

ಮೊದಲಿನಿಂದ ಹೇಳುತ್ತೇನೆ. ನಾನು ಸಿವಿಲ್ ಎಂಜಿನಿಯರ್ ಎಂಬುದು ಈ ಅಂಕಣ ಓದುವವರಿಗೆ ಗೊತ್ತು, ಅಷ್ಟು ಗೋಳಾಡಿದ್ದೇನೆ. ನಾನೂ ನನ್ನ ನಾದಿನಿ ವಿದ್ಯಾಳೂ ನಾಲ್ಕು ವರ್ಷದಿಂದ ಒಂದು ಪುಟ್ಟ ಫರ್ಮ್ ನಡೆಸುತ್ತಿದ್ದೇವೆ. ಇಲ್ಲಿಯತನಕ ದೊಡ್ಡ ಕಂಟ್ರಾಕ್ಟರುಗಳ ಕೈಕೆಳಗೆ ದುಡಿದದ್ದೇ ಬಂತು. ಕೆಲಸ ನಮ್ಮದು, ಬೋರ್ಡು ಅವರದು. ನಮ್ಮದೇ ಹೆಸರಿನಲ್ಲಿ ಒಂದು ಸರ್ಕಾರಿ ಕೆಲಸ ಮುಗಿಸಿದ ಸರ್ಟಿಫಿಕೇಟ್ ಇದ್ದರೆ ಮುಂದಿನ ಬಾಗಿಲು ತೆರೆಯುತ್ತದೆ. ಆದರೆ ಸರ್ಟಿಫಿಕೇಟ್ ಇಲ್ಲದವರಿಗೆ ಮೊದಲ ಕೆಲಸ ಕೊಡುವವರು ಯಾರು?

ಕಡೆಗೂ ಹಳೆಯ ಸರ್ಟಿಫಿಕೇಟ್ ಕೇಳದ ಒಂದು ಟೆಂಡರು ಪೋರ್ಟಲ್ಲಿನಲ್ಲಿ ಕಾಣಿಸಿತು. ಖಡಕಿ ಕಡೆ, ಎತ್ತರದ ಗೋಡೆಯ ಹಿಂದಿನ ಒಂದು ಕಾಂಪೌಂಡಿನಲ್ಲಿ ಎರಡು ಹಳೆಯ ಶೆಡ್ಡುಗಳ ಚಾವಣಿಯ ತಗಡು ಬದಲಿಸಿ, ಗೋಡೆಗೆ ಸಿಮೆಂಟಿನ ಗಿಲಾವು ಮಾಡುವ ಕೆಲಸ. (ಯಾವ ಕಾಂಪೌಂಡು ಎಂದು ಕೇಳಬೇಡಿ, ಹೇಳುವುದಿಲ್ಲ.) ವಿದ್ಯಾ ಎರಡೇ ದಿನದಲ್ಲಿ ಎಸ್ಟಿಮೇಟ್ ಸಿದ್ಧಮಾಡಿದಳು. ರೇಟು ತುಂಬುವ ಮುನ್ನ ಜಾಗ ನೋಡಲೇಬೇಕು ಎಂಬ ನಿಯಮವಿತ್ತು, ಹೋದೆವು. ಅಳತೆಗಳನ್ನು ತಂದು ಖಾಲಿ ಬಿಟ್ಟ ಕಡೆ ತುಂಬಿದರೆ ಮುಗಿಯಿತು ಎಂದುಕೊಂಡಿದ್ದೆವು.

ಗೇಟಿನಲ್ಲಿ ಫೋನು ಇಟ್ಟುಕೊಂಡರು. ಸರಿ. ಸ್ಮಾರ್ಟ್ ವಾಚು ಇಟ್ಟುಕೊಂಡರು. ಸರಿ. ಆಮೇಲೆ ಪೆನ್ನು, ನೋಟ್‌ಬುಕ್ಕು, ಕೊನೆಗೆ ಅಳತೆ ಟೇಪು. ಟೇಪಿಲ್ಲದ ಸಿವಿಲ್ ಎಂಜಿನಿಯರಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಅಷ್ಟಕ್ಕೂ ಬಿಡದೆ ಒಬ್ಬ ಜವಾನ ನಮ್ಮ ಬೂಟುಗಳನ್ನು ತಿರುವಿ ಅಡಿಭಾಗ ನೋಡಿದ. ವಿದ್ಯಾಳ ಬೂಟಿನ ಹಿಮ್ಮಡಿಯಲ್ಲಿ ಏನೋ ಕಂಡು, ಅದನ್ನು ಅಲ್ಲೇ ಬಿಡಿಸಿ ಕ್ಯಾನ್ವಾಸ್ ಬೂಟು ಕೊಟ್ಟ. ಅದು ಎರಡು ಸೈಜು ದೊಡ್ಡದು. ಅವಳು ಒಳಗಿನ ದಾರಿಯುದ್ದಕ್ಕೂ ಪಟಪಟ ಸದ್ದುಮಾಡುತ್ತ ಗೊಣಗುತ್ತ ನಡೆದಳು.

ಸರ್ಕಾರಿ ಕಟ್ಟಡ ಎಂದರೆ ನನ್ನ ಕಣ್ಣಿಗೆ ಬರುವುದು ಎಲೆಯಡಿಕೆ ಉಗುಳಿದ ಮೂಲೆ, ತಿರುಗದ ಫ್ಯಾನು. ಇಲ್ಲಿ ರಸ್ತೆಯ ಮೇಲೆ ಒಂದು ಒಣಗಿದ ಎಲೆಯೂ ಇರಲಿಲ್ಲ. ಹುಲ್ಲನ್ನು ನೆಲಕ್ಕೆ ಹತ್ತಿ ಕತ್ತರಿಸಿದ್ದರು. ಮಾತಾಡುವವರು ಮೆಲ್ಲಗೆ ಮಾತಾಡುತ್ತಿದ್ದರು, ಯಾರೂ ಅವಸರದಲ್ಲಿ ಹೆಜ್ಜೆ ಹಾಕುತ್ತಿರಲಿಲ್ಲ. ಎರಡಾಳೆತ್ತರದ ಬಾಗಿಲನ್ನು ಒಬ್ಬರೇ ಹವಾಲ್ದಾರರು ತಳ್ಳಿದರು, ಅದು ಕಿರ್ ಎನ್ನದೆ ತೆರೆದುಕೊಂಡಿತು. ನಾವಿಬ್ಬರು, ಬೇರೆ ಫರ್ಮಿನ ಇಬ್ಬರು ಎಂಜಿನಿಯರುಗಳು, ಬಿಳಿ ಅಂಗಿಯ ಒಬ್ಬ ಹಿರಿಯರು, ಹೀಗೆ ಒಟ್ಟು ಐದು ಜನ. ಪ್ರತಿ ಬಾಗಿಲಲ್ಲೂ ಐವರು ಒಳಹೋದದ್ದನ್ನು, ಐವರೇ ಹೊರಬಂದದ್ದನ್ನು ಎಣಿಸಿ ಬರೆದುಕೊಂಡರು. ನಮ್ಮೆದುರೇ ಎಣಿಸಿ, ಮತ್ತೆ ಎಣಿಸಿದರು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಜೇಜುರಿಯ ದೇವಸ್ಥಾನದಲ್ಲಿ ತಲೆತುಂಬ ಭಂಡಾರದ ಅರಿಶಿನ ಸುರಿದಾಗಲೂ ನನ್ನಲ್ಲಿ ಹುಟ್ಟದ ಭಯಭಕ್ತಿ ಆ ಶೆಡ್ಡಿನ ಹೊಸ್ತಿಲಲ್ಲಿ ಹುಟ್ಟಿತು. ಇದೇ ಗೋಡೆಯ ಹೊರಗೆ ಇಪ್ಪತ್ತೆರಡು ವರ್ಷ ಟ್ರಾಫಿಕ್ಕನ್ನು ಬೈಯುತ್ತ ಸ್ಕೂಟರ್ ಓಡಿಸಿದ್ದೇನೆ. ಒಳಗೆ ಇಷ್ಟು ಜನ ಪ್ರತಿದಿನ ಇಷ್ಟು ಎಚ್ಚರದಿಂದ ಕಾಲಿಡುತ್ತಾರೆ ಎಂಬ ಕಲ್ಪನೆಯೇ ನನಗಿರಲಿಲ್ಲ.

ಭಕ್ತಿ ಎಷ್ಟೇ ಬಂದರೂ ವೃತ್ತಿ ಬಿಡುತ್ತದೆಯೇ? ನಾನು ಹೆಜ್ಜೆ ಎಣಿಸಿ ಉದ್ದ ಅಗಲ ಅಳೆದೆ. ವಿದ್ಯಾ ತಲೆಯೆತ್ತಿ ಚಾವಣಿಯ ತೊಲೆಗಳನ್ನು ಎಣಿಸಿದಳು. ಇಬ್ಬರೂ ಮಗ್ಗಿ ಹೇಳುವವರ ಹಾಗೆ ತುಟಿಯಲ್ಲೇ ಅಂಕಿಗಳನ್ನು ಉರು ಹೊಡೆಯುತ್ತ ಹೊರಬಂದೆವು. ಬಿಳಿ ಅಂಗಿಯ ಹಿರಿಯರು ಏನನ್ನೂ ಅಳೆದ ಹಾಗೆ ಕಾಣಲಿಲ್ಲ, ಪಕ್ಕದ ಶೆಡ್ಡಿನ ಕಡೆಗೇ ನೋಡುತ್ತ ನಿಂತಿದ್ದರು. ಅವರು ಆಡಿದ ನಾಲ್ಕು ಮಾತೂ ಶುದ್ಧ ಮರಾಠಿ.

ಮರೆಯುವ ಮುನ್ನ ಬರೆದುಕೊಳ್ಳೋಣ ಎಂದು ರಸ್ತೆಯಾಚೆಯ ಚಹಾ ಅಂಗಡಿಗೆ ಓಡಿದೆವು. ಬಿಲ್ಲಿನ ಹಿಂಬದಿಯಲ್ಲಿ ಶೆಡ್ಡಿನ ಚಿತ್ರ ಬಿಡಿಸಿ, ಗಟ್ಟಿಯಾಗಿ ಕನ್ನಡದಲ್ಲಿ ಅಂಕಿ ಕೂಡಿಸತೊಡಗಿದೆವು. ಆ ಹಿರಿಯರು ಬಂದು ಹಿಂದೆ ಕೂತದ್ದನ್ನು ನೋಡಿಯೂ ಲೆಕ್ಕಿಸಲಿಲ್ಲ. ವಿದ್ಯಾ ತಗಡಿನ ಕೆಲಸಕ್ಕೆ ಚದರಡಿಗೆ ಎಷ್ಟು ಹಾಕೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರ ಕನ್ನಡ ಕೇಳಿಸಿತು.

ಕುರ್ಚಿ ಎಳೆದುಕೊಂಡು ನಮ್ಮ ಟೇಬಲ್ಲಿಗೇ ಬಂದರು. ಹೆಸರು ಹೊಸಮನಿ, ಗೋಕಾಕದ ಕಡೆಯವರು. ನಲವತ್ತು ವರ್ಷದಿಂದ ಇಂಥ ಗೋಡೆಗಳೊಳಗಿನ ಕೆಲಸವನ್ನೇ ಮಾಡುತ್ತ ಬಂದವರು. ಟೆಂಡರು ಹಾಕುವವರು ಒಬ್ಬರಿಗೊಬ್ಬರು ರೇಟು ಹೇಳಿಕೊಳ್ಳುವುದು ತಪ್ಪು ಎಂದರು. ಒಳಗೆ ಕಂಡದ್ದನ್ನು, ಅದು ಬರೀ ಉದ್ದ ಅಗಲವೇ ಆಗಲಿ, ಚಹಾ ಅಂಗಡಿಯಲ್ಲಿ ಬರೆಯುವುದು ಅದಕ್ಕಿಂತ ದೊಡ್ಡ ತಪ್ಪು ಎಂದರು. ವಿದ್ಯಾ ಕೆಂಪುಮುಖ ಮಾಡಿಕೊಂಡು ಕಾಗದವನ್ನು ಪರ್ಸಿಗೆ ಹಾಕಿದಳು. ಹೊಸಮನಿಯವರು ತಮ್ಮ ಕಾರ್ಡು ಕೊಟ್ಟು, ಏಳುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಿದರು.

‘ಬೂಟಿನ ಅಡಿ ಯಾಕ ನೋಡಿದ್ರು ಅಂತ ವಿಚಾರ ಮಾಡೀರೇನ್ರಿ?’

ಉತ್ತರಕ್ಕೆ ಕಾಯಲಿಲ್ಲ. ನಮ್ಮ ಚಹಾದ ದುಡ್ಡನ್ನೂ ಕೊಟ್ಟು ಹೋದರು.

ಮನೆಗೆ ಬಂದು ಟೆಂಡರಿನ ಕಾಗದಗಳನ್ನು ಮತ್ತೆ ಓದಿದೆವು. ಎಲ್ಲೋ ಹಿಂದಿನ ಪುಟದಲ್ಲಿ ಒಂದು ಸಾಲಿತ್ತು: ಉಪಕರಣಗಳು ಸುರಕ್ಷತಾ ಅಧಿಕಾರಿ ಒಪ್ಪಿದ ಬಗೆಯವಾಗಿರಬೇಕು. ಹೆಲ್ಮೆಟ್ಟು, ಬೆಲ್ಟಿನ ಮಾತು ಎಂದುಕೊಂಡು ದಾಟಿಬಿಟ್ಟಿದ್ದೆವು. ಈಗ ಬೂಟಿನ ಜೊತೆ ಓದಿದಾಗ ಅರ್ಥವಾಯಿತು. ಸಿಡಿಮದ್ದು ಇರುವ, ಬೂಟಿನ ಮೊಳೆ ನೆಲಕ್ಕೆ ತಾಗಿಯೂ ಕಿಡಿ ಹಾರಬಾರದು ಎನ್ನುವ ಜಾಗದಲ್ಲಿ ಕಬ್ಬಿಣದ ಸುತ್ತಿಗೆ ಎತ್ತಲು ಬಿಡುತ್ತಾರೆಯೇ? ಗ್ಯಾಸ್ ಕಟರ್, ಗ್ರೈಂಡರ್, ಡ್ರಿಲ್ಲು ಯಾವುದೂ ಇಲ್ಲ. ಕಿಡಿ ಹಾರದ ಹಿತ್ತಾಳೆಯಂಥ ಲೋಹದ ಸಾಮಾನು ತಂದು, ತುಕ್ಕು ಹಿಡಿದ ಒಂದೊಂದು ಬೋಲ್ಟನ್ನೂ ಕೈಯಲ್ಲಿ ತಿರುವಿ ಬಿಚ್ಚಬೇಕು. ಪೋರ್ಟಲ್ಲಿನಲ್ಲಿ ಪ್ರಶ್ನೆ ಹಾಕಿದೆವು. ಹೌದು ಎಂದು ಒಂದೇ ಸಾಲಿನ ಉತ್ತರ ಬಂತು.

ಹಳೆಯ ರೇಟಿಗೆ ಕೆಲಸ ಸಿಕ್ಕಿದ್ದರೆ ಅರ್ಧಕ್ಕೇ ಕೈಚೆಲ್ಲಿ ಕಪ್ಪುಪಟ್ಟಿ ಸೇರುತ್ತಿದ್ದೆವು. ನಮ್ಮ ಬೋರ್ಡು ಏರುವ ಮೊದಲೇ ಇಳಿಯುತ್ತಿತ್ತು. ವಿದ್ಯಾ ಎಸ್ಟಿಮೇಟನ್ನು ಮೊದಲಿನಿಂದ ಮಾಡಿದಳು, ಕೆಲಸದ ದಿನಗಳು ಮೂರು ಪಟ್ಟಾದವು, ರೇಟು ಸರಸರ ಮೇಲೇರಿತು. ಅದನ್ನೇ ಹಾಕಿದೆವು.

ಕಳೆದ ವಾರ ಫಲಿತಾಂಶ ಬಂತು. ಹೊಸಮನಿಯವರು ಮೊದಲು, ನಾವು ಎರಡನೆಯವರು. ಅಂತರ ಅತ್ಯಲ್ಪ.

ವಿದ್ಯಾಳ ಕೋಪ ನೆತ್ತಿಗೇರಿತು. ನಮ್ಮ ಅಳತೆಯನ್ನೆಲ್ಲ ಕದ್ದು ಕೇಳಿ, ಹೆದರಿಸಿ ನಮ್ಮ ರೇಟು ಏರಿಸಿ, ತಾನು ಕೆಳಗಿನಿಂದ ನುಸುಳಿಕೊಂಡ ಎಂದಳು. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನ್ನಿಸಿತು. ನಾಲ್ಕು ವರ್ಷ ಕಾದ ಕೆಲಸ ಒಂದು ಪ್ರಶ್ನೆಗೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಅಭಿನಂದನೆಯ ನೆಪ ಮಾಡಿಕೊಂಡು ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ನೇರವಾಗಿ ಕೇಳಿಯೇಬಿಟ್ಟೆ. ನಮಗೇಕೆ ಹೇಳಿದಿರಿ?

ಹೊಸಮನಿ ಬೇಜಾರು ಮಾಡಿಕೊಳ್ಳಲಿಲ್ಲ. ನಾವು ಗೆದ್ದಿದ್ದರೂ ತಮಗೆ ನಡೆಯುತ್ತಿತ್ತು, ಸರಿಯಾದ ರೇಟಿಗೆ ಗೆಲ್ಲಬೇಕಿತ್ತು ಅಷ್ಟೇ ಎಂದರು. ಕಬ್ಬಿಣದ ಸಾಮಾನನ್ನು ಗೇಟಿನಲ್ಲೇ ಹಿಡಿಯುತ್ತಾರಲ್ಲ, ನಿಮಗೇಕೆ ಆ ಚಿಂತೆ ಎಂದು ನಾನು ಬಿಡದೆ ಕೆದಕಿದೆ.

‘ಹಿಡೀತಾರ, ಖರೆ. ಆದ್ರ ರೇಟು ಕಡಿಮಿ ಬಿದ್ದಾಂವ ಹ್ಯಾಂಗರೆ ಮಾಡಿ ದಾರಿ ಹುಡುಕತಾನ್ರಿ. ಊಟದ ಡಬ್ಬಿ ಚೀಲದಾಗ ಒಂದು ಉಳಿ ಒಳಗ ಹೋದ್ರ ಸಾಕು. ಬಾಜೂ ಶೆಡ್ಡಿನಾಗ ನನ್ನ ಎಂಟು ಮಂದಿ ಕೆಲಸ ಮಾಡ್ಲಿಕ್ಕತ್ತಾರ.’

ಆಗಲೇ ನಡೆಯುತ್ತಿದ್ದ ಅವರ ಇನ್ನೊಂದು ಕೆಲಸದ ಬಗ್ಗೆ ನಾವು ಕೇಳಿಯೇ ಇರಲಿಲ್ಲ. ಅವರು ಅಳತೆ ಯಾಕೆ ಮಾಡಲಿಲ್ಲ, ಅಲ್ಲಿ ಯಾರನ್ನು ನೋಡುತ್ತ ನಿಂತಿದ್ದರು ಎಂಬುದು ಆಗ ತಿಳಿಯಿತು. ನಮ್ಮ ಜೀವನದ ಮೊದಲ ಟೆಂಡರನ್ನು ನಮ್ಮಿಂದ ಗೆದ್ದ ಮನುಷ್ಯನಿಗೆ ಫೋನಿನಲ್ಲೇ ಕೈಮುಗಿದೆ.

ಫೋನಿಟ್ಟು ನಮ್ಮ ಹಳೆಯ ಎಸ್ಟಿಮೇಟ್ ತೆರೆದು ನೋಡಿದೆ. ತಗಡಿಗೆ ಒಂದು ಸಾಲು, ಸಿಮೆಂಟಿಗೆ ಒಂದು, ಮಳೆ ಬಂದರೆ ವ್ಯರ್ಥವಾಗುವ ದಿನಗಳಿಗೂ ಒಂದು. ಪಕ್ಕದ ಶೆಡ್ಡಿನಲ್ಲಿ ದುಡಿಯುವವರಿಗೆ ಒಂದೇ ಒಂದು ಸಾಲೂ ಇರಲಿಲ್ಲ.

ನಿಮ್ಮ ಲೆಕ್ಕದಲ್ಲಿ ಇದೆಯೇ?