ಸಂಗನಗೌಡರು ಬಾವಿಗೆ ಎಸೆದ ಗುಳಿಗೆ

ನನ್ನ ಅಪ್ಪನ ಬಲಗೈ ಬಿದ್ದುಹೋದದ್ದಕ್ಕೆ ಒಂದು ಧಾರಾವಾಹಿ ಹೊಣೆ. ಅದನ್ನು ಬರೆದವರು, ತೋರಿಸಿದ ವಾಹಿನಿಯವರು, ಅದರಲ್ಲಿ ಸಂಗನಗೌಡರ ಪಾತ್ರ ವಹಿಸುವ ಹಿರಿಯ ನಟರು, ಎಲ್ಲರೂ ಹೊಣೆ.

ಅಪ್ಪ ಅಫಜಲಪುರದಲ್ಲಿ ಟೇಲರ್. ಡಾಕ್ಟರು ಬಿಪಿ ಇದೆ ಎಂದಂದಿನಿಂದ ಗುಳಿಗೆ ಹಿಡಿದು ಅವನ ಹಿಂದೆ ಓಡಾಡಿದವಳು ನಾನು. “ನೀ ಎಂಎ ಓದೀದಿ, ಡಾಕ್ಟರಕಿ ಓದಿಲ್ಲ ಬೇ” ಎಂದು ನಗುತ್ತಿದ್ದ.

ಆಮೇಲೆ ಸಂಗನಗೌಡರು ಬಂದರು. ಧಾರಾವಾಹಿಯಲ್ಲಿ ಅವರು ಊಟ ಮುಗಿಸಿ ಬಿಪಿ ಗುಳಿಗೆ ನುಂಗುತ್ತಿದ್ದರು. ಪಂಕ್ತಿಯಲ್ಲಿ ಹಿರಿಯರು ತುತ್ತೆತ್ತುವ ತನಕ ಉಳಿದವರು ಎಡೆಗೆ ಕೈ ಹಚ್ಚಬಾರದೆಂಬುದು ಅಪ್ಪನ ಹಳೆಯ ಕಟ್ಟುನಿಟ್ಟು. ಅದನ್ನೇ ಟಿವಿಯ ಮುಂದೆಯೂ ಪಾಲಿಸಿದ.

“ಗೌಡ್ರು ನುಂಗಿದ್ರು ನೋಡ್ರಿ, ನೀವೂ ನುಂಗ್ರಿ” ಎನ್ನುತ್ತಿದ್ದಳು ಅವ್ವ. ಅಪ್ಪ ತಂಬಿಗೆ ಎತ್ತುತ್ತಿದ್ದ.

ಬಿಪಿ ಇಳಿಯಿತು. ನನ್ನ ಹೊಟ್ಟೆ ಉರಿಯಿತು.

ಒಂದು ಸಂಜೆ ಗೌಡರು “ಶರೀರ ಶಿವನದು” ಎಂದು ಘೋಷಿಸಿ ಗುಳಿಗೆಗಳನ್ನು ಬಾವಿಗೆ ಎಸೆದರು. ಮರುದಿನದ ಕಂತಿನಲ್ಲಿ ಗಟ್ಟಿಮುಟ್ಟಾಗಿ ಗುಡ್ಡ ಹತ್ತಿದರು. ಅಪ್ಪನೂ ಗುಳಿಗೆ ಬಿಟ್ಟ. ನಾನು ಮೊಬೈಲಿನಲ್ಲಿ ಆ ನಟರ ಸಂದರ್ಶನ ತೋರಿಸಿದೆ. ಬಿಪಿ ಗುಳಿಗೆ ನುಂಗದೆ ತಾವು ಶೂಟಿಂಗಿಗೆ ಹೋಗುವುದಿಲ್ಲವೆಂದು ಅವರೇ ಹೇಳಿದ್ದರು.

“ಅಂವ ಪಾರ್ಟ್ ಮಾಡಾಂವ ಬೇ. ಇವ್ರು ಗೌಡ್ರು!”

ಕೆಲವು ವಾರಗಳ ನಂತರ ಅಂಗಡಿಯಲ್ಲಿ ಅಪ್ಪನ ಕೈಯಿಂದ ಕತ್ತರಿ ಜಾರಿತು. ಸ್ಟ್ರೋಕ್.

ಮಾತೂ ನಿಂತಿತು.

ಕಲಬುರಗಿಯಲ್ಲಿ ಸಿಟಿ ಸ್ಕ್ಯಾನ್ ನೋಡಿದ ಡಾಕ್ಟರು, “ಗುಳಿಗಿ ಬಿಡ್ಲಾಕ ಯಾರು ಹೇಳ್ಯಾರ್ರಿ?” ಎಂದರು. ಅವ್ವ ಆಸ್ಪತ್ರೆಯ ಗೋಡೆಯ ಮೇಲಿನ ಟಿವಿಯ ಕಡೆ ಬೆರಳು ತೋರಿಸಿದಳು.

ಸ್ಪೀಚ್ ಥೆರಪಿಯವರು ನನ್ನನ್ನು ಮುಂದೆ ಕೂರಿಸಿ, “ಇವ್ರು ಯಾರ್ರಿ? ಹೆಸರು ಹೇಳ್ರಿ” ಎಂದು ಅಪ್ಪನನ್ನು ಮಾತಿಗೆಳೆದರು. ಅವನ ತುಟಿಗಳು ಬಹಳ ಹೊತ್ತು ಹೆಣಗಿದವು.

“ಗೌ... ಗೌಡ್ರು.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವನ ಉಚ್ಚೆ ಬಳಿದು, ಬಾಯಿ ಒರೆಸಿ, ಸತ್ತ ಕೈಯನ್ನು ತಿಕ್ಕಿ ತಿಕ್ಕಿ ಎಬ್ಬಿಸುತ್ತಿರುವ ಮಗಳ ಹೆಸರಿಗಿಂತ ಮೊದಲು, ನಮ್ಮ ಮನೆಯ ಹೊಸ್ತಿಲು ತುಳಿಯದ, ತುಳಿಯಲು ಇಲ್ಲವೇ ಇಲ್ಲದ ಒಬ್ಬ ಮನುಷ್ಯನ ಹೆಸರು ಆ ನಾಲಿಗೆಗೆ ಹೇಗೆ ಒದಗಿತು ಎಂಬ ಮತ್ಸರ ಇಂದಿಗೂ ನನ್ನನ್ನು ಸುಡುತ್ತಿದೆ.

ಈಗ ಅಪ್ಪ ಗೋಡೆ ಹಿಡಿದು ನಡೆಯುತ್ತಾನೆ. ನಾನು ಗುಳಿಗೆ ಕೊಟ್ಟರೆ ಬಾಯಿ ಬಿಗಿಯುತ್ತಾನೆ. ಹಾಗಾಗಿ ದಿನವೂ ಮೊಬೈಲಿನಲ್ಲಿ ಹಳೆಯ ಕಂತು ಹಚ್ಚುತ್ತೇನೆ. ಗೌಡರು ನುಂಗುತ್ತಾರೆ, ಅಪ್ಪ ನುಂಗುತ್ತಾನೆ. ನನ್ನ ವೈರಿಯನ್ನು ನಾನೇ ಮನೆಗೆ ಕರೆಯುತ್ತೇನೆ. ಕರೆದಾಗೆಲ್ಲ ಅವರು ಬರುತ್ತಾರೆ, ಆ ಋಣವೂ ನನ್ನ ಮೇಲಿದೆ.

ಆದರೆ ಇಂದಿನ ಕಂತುಗಳಲ್ಲಿ ಗೌಡರು ಗುಳಿಗೆಯಿಲ್ಲದೆ ಗುಡ್ಡ ಹತ್ತುತ್ತಲೇ ಇದ್ದಾರೆ. ಅಪ್ಪನಂತೆ ನೋಡುವವರು ಸುತ್ತಲ ಊರುಗಳಲ್ಲೂ ಇದ್ದಾರೆ, ಗೊಬ್ಬೂರಿನಲ್ಲಿದ್ದಾರೆ, ನಿಂಬರ್ಗಾದಲ್ಲಿದ್ದಾರೆ. ಆ ದೃಶ್ಯವನ್ನು ಯಾವ ವೈದ್ಯರನ್ನು ಕೇಳಿ ಬರೆದಿರಿ ಎಂಬುದಕ್ಕೆ ವಾಹಿನಿಯವರು ಲಿಖಿತ ಉತ್ತರ ನೀಡಬೇಕು. ಹಿರಿಯ ನಟರಲ್ಲಿ ನನ್ನ ವಿನಂತಿ: ಕ್ಷಮೆಯನ್ನು ನಟರಾಗಿ ಕೇಳಬೇಡಿ, ಅಪ್ಪ ನಿಮ್ಮನ್ನು ನಂಬುವುದಿಲ್ಲ. ಗೌಡರಾಗಿಯೇ ಬನ್ನಿ. ತಪ್ಪಾಯಿತೆಂದು ಹೇಳಿ, ಪರದೆಯ ಮೇಲೆ ಮೊದಲು ನೀವು ನುಂಗಿ.