ಎತ್ತಿಗೆ ಹಾಕಿದ ಸೂಜಿ

ಹೋದ ವಾರ ನಮ್ಮ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಯಲು ಬಂದವರು ಟರ್ಪೆಂಟೈನ್ ಡಬ್ಬ ತೆರೆದರು. ಅಮ್ಮ ಮೂಗು ಮುಚ್ಚಿಕೊಂಡಳು. ನನಗೆ ಎದುರುಮನೆಯ ದನದ ಡಾಕ್ಟ್ರು ಒಳಗೆ ಬಂದ ಹಾಗಾಯಿತು. ಹುಳು ಬಿದ್ದ ಗಾಯಗಳಿಗೆ ಅದನ್ನು ಹಾಕಿ ಹಾಕಿ, ಒಗೆದರೂ ಅವರ ಅಂಗಿಯಿಂದ ಆ ವಾಸನೆ ಹೋಗುತ್ತಿರಲಿಲ್ಲ...

ತಿಪಟೂರಿನಲ್ಲಿ ನಾನು ಅಣಕಿಸದ ದನಿ ಇಲ್ಲ. ಕೊಬ್ಬರಿ ಮಂಡಿಯವರು, ಬಸ್ ಕಂಡಕ್ಟರು, ನಮ್ಮಪ್ಪ, ಕನ್ನಡಿ ಮುಂದೆ ನಿಂತರೆ ನಾನೇ. ಡಾಕ್ಟ್ರದ್ದಂತೂ ಕರಗತವಾಗಿತ್ತು. ಗಂಟಲು ಸರಿಮಾಡಿಕೊಂಡು, "ಲೇ, ಬಾಲ ಹಿಡ್ಕೊಳ್ಲಾ, ನನ್ ಮುಖ ಏನ್ ನೋಡ್ತೀಯ!" ಎಂದರೆ ಅವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಡಾಕ್ಟ್ರು ಒಳಗಿನಿಂದಲೇ ಬೈಯುತ್ತಿದ್ದರು. ಎರಡೂ ಒಂದೇ ದನಿ.

ಅವರದೇ ಮನೆಯ ಎತ್ತೊಂದು ತೋಟದ ಬದುವಿನಿಂದ ಜಾರಿ, ಕಾಲು ಮುರಿದು, ಮೂಳೆ ಹೊರಗೆ ಬಂದಿತ್ತು. ಉಳಿಸಲು ಏನೇನೋ ಮಾಡಿ ಸೋತರು. ಕೊನೆಗೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಅದರ ನರಳಾಟ ಮುಗಿಸುವ ಸೂಜಿ ಹಾಕಿದರು. ಹಗ್ಗ ಹಿಡಿದಿದ್ದವರು ಅವರ ಬಾಮೈದ. ಆಮೇಲೆ ಎಷ್ಟೋ ದಿನ ಡಾಕ್ಟ್ರಿಗೆ ಅನ್ನ ಸೇರಲಿಲ್ಲ.

ಮರುವರ್ಷ ಹೆಂಡತಿಗೆ ಲಕ್ವ ಹೊಡೆಯಿತು. ಮಾತಿಲ್ಲ, ಗುರುತಿಲ್ಲ. ಮೂಗಿನ ಪೈಪಿನಲ್ಲಿ ಗಂಜಿ. ಒಂದು ಸಂಜೆ ಬಾಮೈದ ಬಿಕ್ಕಿ ಬಿಕ್ಕಿ ಅಳುತ್ತಾ ಕೇಳಿಯೇಬಿಟ್ಟರು. "ಭಾವ, ಆ ಎತ್ತಿನ ಮ್ಯಾಲೆ ತೋರ್ಸಿದ ಕರುಣೆ ನಮ್ಮಕ್ಕನ ಮ್ಯಾಲೆ ಇಲ್ವಾ? ಪೈಪ್ ತೆಗೆಸ್ಬುಡಿ. ನನ್ ಕೈಲಿ ನೋಡಕ್ಕಾಗಲ್ಲ."

ಡಾಕ್ಟ್ರು ಹೆಂಡತಿಯ ತುಟಿ ಒರೆಸುತ್ತಿದ್ದರು. "ಎತ್ತಿಗೆ ನಾನು ಡಾಕ್ಟ್ರು ಕಣಪ್ಪ. ಇವಳಿಗೆ ಗಂಡ." ಒರೆಸಿದ ಬಟ್ಟೆ ಮಡಿಸಿಟ್ಟು, "ತಿಳುವಳಿಕೆ ಇರೋಗಂಟ ಮನುಷ್ಯರು, ಆಮೇಲೆ ಸರಕು ಅಂತ ಎಲ್ಲೈತೆ? ನೋಡಕ್ಕಾಗ್ದಿದ್ರೆ ಹೊರಗೆ ಕೂತ್ಕೊ. ನಿನ್ ಕಣ್ಣಿನ ನೋವಿಗೆ ಅವಳಿಗ್ಯಾಕೆ ಮದ್ದು?" ಎಂದರು.

ನಾಯಿಗೂ ಮನುಷ್ಯನಿಗೂ ಒಂದೇ ತೂಕ ಎನ್ನುವ ಗೆಳೆಯರು ನನಗಿದ್ದಾರೆ. ಅವರ ದನಿಯನ್ನೂ ಮಾಡುತ್ತೇನೆ. ಅವರ ಪ್ರೀತಿ ಸುಳ್ಳಲ್ಲ. ಆದರೆ ಎಷ್ಟು ಬಲ್ಲದು, ಎಷ್ಟು ನರಳುತ್ತದೆ ಎಂದು ನೋಡಿಯೇ ಜೀವವನ್ನು ತೂಗುವುದಾದರೆ, ಆ ಮಂಚದ ಮೇಲಿದ್ದವರು ಎತ್ತಿಗಿಂತ ಕೆಳಗಾಗುತ್ತಿದ್ದರು. ಎತ್ತಿಗಾಗಿ ಅನ್ನ ಬಿಟ್ಟ ಡಾಕ್ಟ್ರೇ ಆ ತಕ್ಕಡಿಯನ್ನು ಮುಟ್ಟಲಿಲ್ಲ.

ಸಂಜೆ ಡಾಕ್ಟ್ರು ನನ್ನನ್ನು ಕರೆಯುತ್ತಿದ್ದರು. "ಬಾರ್ಲಾ, ನನ್ನನ್ನ ಆಡ್ಕೊ. ಅವಳಿಗಿಷ್ಟ." ಅವರ ಎದುರಿಗೇ ಅವರನ್ನು ಅಣಕಿಸುತ್ತಿದ್ದೆ. "ನೋಡು, ತುಟಿ ಅಲ್ಲಾಡ್ತು" ಎನ್ನುತ್ತಿದ್ದರು. ನನಗೆ ಕಂಡದ್ದು ತುಟಿಯ ಮೇಲೆ ಕೂತ ನೊಣ. ಹೂಂ ಎನ್ನುತ್ತಿದ್ದೆ...

ಮೊದಲು ಹೋದವರು ಡಾಕ್ಟ್ರೇ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ. ಬಾಮೈದ ಅಕ್ಕನನ್ನು ಸಂಪಿಗೆ ಎಂಬ ಹಳ್ಳಿಯ ತಮ್ಮ ಮನೆಗೆ ಕರೆದೊಯ್ದರು. ಇನ್ನು ತೀರ್ಮಾನ ಅವರದೇ. ಕೆಲವು ದಿನಕ್ಕೆ ಫೋನ್ ಬಂತು. "ನಾಳೆ ಪೈಪ್ ತೆಗೆಸಾನ ಅಂತಿದೀನಿ ಕಣಪ್ಪ. ಅದಕ್ ಮುಂಚೆ ಒಂದ್ಸಲ ಬಂದು ಭಾವನ ದನಿ ಕೇಳ್ಸು."

ಹೋದೆ. ಬಾಮೈದ ಗೋಡೆಗೊರಗಿ ಕೂತಿದ್ದರು. ಮಂಚದ ಬಳಿ ಬಗ್ಗಿ, ಗಂಟಲು ಸರಿಮಾಡಿಕೊಂಡು, "ಏನೇ, ಗಂಜಿ ಆಯ್ತೇನೇ?" ಎಂದೆ. ದನಿ ಪೂರಾ ಅವರದೇ ಆಗಿ ಬಂದಿತ್ತು. ಆಕೆಯ ಕಣ್ಣು ಸೂರಿನಲ್ಲೇ ಇತ್ತು. ತುಟಿ ಅಲುಗಲಿಲ್ಲ. ಒಂದು ನೊಣವೂ ಇರಲಿಲ್ಲ.

ಎದ್ದು ನಿಂತವರು ಬಾಮೈದ. ಭಾವ ಬಂದರೆ ಕೂತಿರಬಾರದು ಎಂಬ ಮರ್ಯಾದೆ ಮೈಯಲ್ಲೇ ಇತ್ತಲ್ಲ... ಎತ್ತಿ ಕಟ್ಟಿದ್ದ ಪಂಚೆಯನ್ನೂ ಕೆಳಗಿಳಿಸಿಕೊಂಡರು. ನನ್ನನ್ನು ನೋಡಿ, ಮುಖ ಮುಚ್ಚಿಕೊಂಡು ಅತ್ತರು. ಆದರೆ ಮತ್ತೆ ಕೂರಲಿಲ್ಲ.

"ಅಕ್ಕ ಕೇಳಿಸ್ಕೊಳ್ಲಿಲ್ಲ" ಎಂದೆ.

"ಇರ್ಲಿ ಬುಡು. ಗಂಜಿ ಹೊತ್ತಾಯ್ತು."

ಅಡುಗೆಮನೆಗೆ ಹೋಗಿ ಗಂಜಿ ಸೋಸತೊಡಗಿದರು. ಪೈಪ್ ತೆಗೆಸುವ ಮಾತು ಅಲ್ಲಿಗೆ ನಿಂತಿತು.

ಈ ಬೇಸಿಗೆಯಲ್ಲಿ ಆಕೆ ತಾವಾಗಿಯೇ ಹೋದರು, ಬಾಮೈದ ಹಣೆ ಒರೆಸುತ್ತಿದ್ದಾಗ. ಎದುರುಮನೆ ಈಗ ಯಾರದೋ ಕೊಬ್ಬರಿ ಗೋದಾಮು. ಡಾಕ್ಟ್ರ ದನಿ ನನಗೆ ಈಗಲೂ ಸೊಗಸಾಗಿಯೇ ಬರುತ್ತದೆ. ಮಾಡಿ ತೋರಿಸು ಎಂದು ಗೆಳೆಯರು ಕೇಳುತ್ತಾರೆ. ಅದಕ್ಕೆ ನಗಬೇಕಾದವರೂ ಇಲ್ಲ, ಬೈಯಬೇಕಾದವರೂ ಇಲ್ಲ. ಮರೆತುಹೋಗಿದೆ ಎಂದುಬಿಡುತ್ತೇನೆ.